ಸಹಾಯ ಬೇಕು: ಬೀದರಿನ ಚಳಿಯಲ್ಲಿ ನಡಿಗೆ ಮತ್ತು ಹೃದಯ ಬಡಿತದ ಏರುಪೇರು

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಎರಡು ವರ್ಷಗಳಿಂದ ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಬಡಿತ ತಾಳ ತಪ್ಪುವ ತೊಂದರೆ) ಇದ್ದು, ನಾಡಿಯ ವೇಗ ತಗ್ಗಿಸುವ ಮೆಟೊಪ್ರೊಲಾಲ್ ಹಾಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಸುಕಿನಲ್ಲಿ ಬೀದರ ಕೋಟೆಯ ಕಡೆಗೆ ನಡೆಯುವುದು ನನ್ನ ಹಳೆಯ ರೂಢಿ. ಆದರೆ ಮೊನ್ನೆಯ ಚಳಿಯಲ್ಲಿ, ಮಫ್ಲರ್ ಸುತ್ತಿಕೊಂಡು ಬಿರುಸಾಗಿ ಹೋಗುತ್ತಿದ್ದಾಗ ಎದೆ ಡವಡವಗುಟ್ಟಿ, ಮಣಿಕಟ್ಟಿಗೆ ಬೆರಳಿಟ್ಟರೆ ನಾಡಿ ಎಣಿಕೆಗೇ ಸಿಗದೆ, ಚಹಾದಂಗಡಿಯ ಕಟ್ಟೆಯ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಬೇಕಾಯಿತು. (ಮನೆಯಾಕೆಗೆ ಇದನ್ನು ಇನ್ನೂ ಹೇಳಿಲ್ಲ.) ಚಳಿಗೆ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡವೂ ಹೃದಯದ ಹೊರೆಯೂ ಹೆಚ್ಚುತ್ತವೆ ಎಂಬುದು ಗೊತ್ತು, ಮಾತ್ರೆಯೇ ನಾಡಿಯನ್ನು ತಗ್ಗಿಸುವುದರಿಂದ ಕೈಗಡಿಯಾರದ ಅಂಕಿಯನ್ನಷ್ಟೇ ನಂಬುವಂತೆಯೂ ಇಲ್ಲ. ಮುಂದಿನ ವಾರ ವೈದ್ಯರನ್ನು ಕಾಣಲಿದ್ದು, ಅಲ್ಲಿಯವರೆಗೆ ನಡಿಗೆ ನಿಲ್ಲಿಸಿದ್ದೇನೆ. ಇದೇ ತೊಂದರೆ ಇರುವವರು ಬಿಸಿಲೇರಿದ ಮೇಲೆ ನಡೆಯುತ್ತೀರೋ, ಮನೆಯೊಳಗೇ ಮೈ ಬೆಚ್ಚಗಾಗಿಸಿಕೊಂಡು ಹೊರಡುತ್ತೀರೋ, ವೈದ್ಯರಿಗೆ ಏನೇನು ಕೇಳಬೇಕೋ ದಯವಿಟ್ಟು ತಿಳಿಸಿರಿ.