ಅಪ್ಪಂಗೆ ಅಯೋರ್ಟಿಕ್ ವಾಲ್ವ್ ಚೇಂಜ್ ಆದ್ಮೇಲೆ ನಾಡಿ ಏರುಪೇರು, ಯಾರಿಗಾದ್ರೂ ಗೊತ್ತಾ?

ಮುಳಬಾಗಿಲು_ಮಗ
ಎಲ್ರಿಗೂ ನಮಸ್ಕಾರ. ಅಪ್ಪಂಗೆ ಅರವತ್ತು ದಾಟೈತೆ, ಹೊಲದ ಬದು ಹತ್ತಿದ್ರೂ ಉಸಿರು ಕಟ್ತಿತ್ತು, ಎಕೋ (ಹಾರ್ಟ್ ಸ್ಕ್ಯಾನ್) ಮಾಡ್ಸಿದ್ರೆ ಹಾರ್ಟಿಂದ ಮೈಗೆ ರಕ್ತ ಬಿಡೋ ಅಯೋರ್ಟಿಕ್ ವಾಲ್ವಲ್ಲಿ ಕ್ಯಾಲ್ಸಿಯಂ ಕಟ್ಕೊಂಡು ಕಿರಿದಾಗೈತೆ ಅಂದ್ರು, ಬೆಂಗಳೂರಲ್ಲಿ ಎದೆ ಓಪನ್ ಮಾಡಿ ಮೆಟಲ್ ವಾಲ್ವ್ ಹಾಕಿದ್ರು. ಆಪರೇಷನ್ ಚೆನ್ನಾಗೇ ಆಯ್ತು, ಆದ್ರೆ ಐಸಿಯುನಲ್ಲಿ ಮೂರನೇ ದಿನ ಮಾನಿಟರ್ ಕೂಗೋಕೆ ಶುರು, ಎಎಫ್ (ಏಟ್ರಿಯಲ್ ಫಿಬ್ರಿಲೇಷನ್, ಹಾರ್ಟ್ ತಾಳ ತಪ್ಪಿ ಬಡ್ಕೊಳೋದು) ಅಂದ್ರು, ಡ್ರಿಪ್ಪಲ್ಲಿ ಔಷಧಿ ಬಿಟ್ಟು ಸರಿ ಮಾಡಿದ್ರು. ಚೀಟೀಲಿ ನಾಡಿ ನಿಧಾನ ಮಾಡೋ ಮೆಟೊಪ್ರೊಲಾಲ್, ತಾಳ ಸರಿ ಇಡೋ ಅಮಿಯೊಡರೋನ್, ರಕ್ತ ಹೆಪ್ಪುಗಟ್ಟದಂಗೆ ತಡೆಯೋ ಅಸಿಟ್ರೋಮ್ ಐತೆ. ಈಗ ಮನೇಲಿ ಬೆರಳಿಗೆ ಹಾಕೋ ಮಿಷಿನ್ ಒಂದ್ಸಲ 78, ಮರುಗಳಿಗೆ 124 ತೋರಿಸ್ತದೆ, ಎದೇಲಿ ಮೀನು ಒದ್ದಾಡ್ದಂಗೆ ಆಗ್ತದೆ ಅಂತಾರೆ. ವಾಲ್ವ್ ಸರಿ ಕೂತಿಲ್ವಾ? ಚಿಕ್ಕಪ್ಪ ಬೇರೆ ಪೇಸ್‌ಮೇಕರ್ (ಹಾರ್ಟಿಗೆ ಕರೆಂಟ್ ಕೊಟ್ಟು ಬಡಿಸೋ ಮಿಷಿನ್) ಗ್ಯಾರಂಟಿ ಅಂತ ಹೆದರಿಸ್ತಾವ್ರೆ. ಅಮ್ಮ ಯಾರೋ ಹೇಳಿದ್ರು ಅಂತ ಸೊಪ್ಪಿನ ಸಾರೇ ನಿಲ್ಸವ್ಳೆ.

ಇಸಿಜಿ_ರೂಮು_ಕೋಲಾರ
ನಾನು ಡಾಕ್ಟರಲ್ಲ, ಇಸಿಜಿ ತೆಗೆಯೋನು, ಅಷ್ಟು ಮನಸಲ್ಲಿಟ್ಕೊಂಡು ಓದಿ. ವಾಲ್ವ್ ಆಪರೇಷನ್ ಆದೋರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ರಿಗೆ ಎಎಫ್ ಬರುತ್ತೆ, ಅದೂ ಜಾಸ್ತಿ ಎರಡರಿಂದ ನಾಲ್ಕನೇ ದಿನದೊಳಗೆ. ಹಾರ್ಟ್ ಮುಟ್ಟಿದ್ದಕ್ಕೆ ಊತ, ಮೈಯಲ್ಲಿ ನೀರು ಏರಿಳಿತ, ಪೊಟ್ಯಾಸಿಯಂ ಕಮ್ಮಿ ಆಗೋದು, ಎಲ್ಲಾ ಸೇರಿ ಮೇಲಿನ ಕೋಣೆ ಸರಿಯಾಗಿ ಹಿಂಡೋದು ಬಿಟ್ಟು ಬರೀ ನಡುಗುತ್ತೆ. ಅಂದ್ರೆ ಎಎಫ್ ಬಂತು ಅಂದ್ಮಾತ್ರಕ್ಕೆ ವಾಲ್ವ್ ಕೆಟ್ಟೈತೆ ಅಂತಲ್ಲ, ವಾಲ್ವ್ ನೋಡೋಕೆ ಎಕೋನೇ ಬೇಕು. ತುಂಬಾ ಜನಕ್ಕೆ ಕೆಲವು ವಾರದಲ್ಲಿ ತಾನೇ ಸರಿಹೋಗುತ್ತೆ, ಮನೆಗೆ ಹೋದ್ಮೇಲೆ ಮತ್ತೆ ಬರೋದೂ ಉಂಟು.

ಆ ಬೆರಳಿನ ಮಿಷಿನ್ ನಂಬ್ಬೇಡಿ, ತಾಳ ತಪ್ಪಿದಾಗ ಅದು ತಪ್ಪು ಎಣಿಸುತ್ತೆ. ಮಣಿಕಟ್ಟು ಹಿಡ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಇವತ್ತೇ ಹತ್ರದ ಆಸ್ಪತ್ರೇಲಿ ಇಸಿಜಿ ತೆಗೆಸಿ, ಫೋಟೋನ ಆಪರೇಷನ್ ಮಾಡಿದೋರಿಗೆ ಕಳ್ಸಿ, ಸೋಮವಾರ ನೋಡಣ ಅನ್ಬೇಡಿ. ತಲೆ ತಿರುಗಿ ಬಿದ್ರೆ, ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ, ಬಾಯಿ ಸೊಟ್ಟ ಆದ್ರೆ, ಮಾತು ತೊದಲಿದ್ರೆ ಯೋಚ್ನೆ ಮಾಡ್ದೆ 108ಕ್ಕೆ ಫೋನ್ ಮಾಡಿ.

ಗೌರಿಬಿದನೂರು_ಅಕ್ಕ
ನಮ್ಮಮ್ಮಂಗೆ ಪೇಸ್‌ಮೇಕರ್ ಹಾಕಿದ್ರು ಕಣಪ್ಪ, ಆದ್ರೆ ಅದು ನಿಮ್ಮಪ್ಪನ ಕೇಸಲ್ಲ. ಅಯೋರ್ಟಿಕ್ ವಾಲ್ವ್ ಪಕ್ಕದಲ್ಲೇ ಹಾರ್ಟಿನ ಕರೆಂಟ್ ಕೆಳಗೆ ಹೋಗೋ ದಾರಿ ಐತಂತೆ, ಕ್ಯಾಲ್ಸಿಯಂ ಕೆರೆದು ಹೊಲಿಗೆ ಹಾಕ್ಬೇಕಾದ್ರೆ ಅದಕ್ಕೆ ಪೆಟ್ಟು ಬಿದ್ರೆ ಇಲ್ಲಾ ಊದ್ಕೊಂಡ್ರೆ ಹಾರ್ಟ್ ಬ್ಲಾಕ್, ಅಂದ್ರೆ ಆ ಕರೆಂಟ್ ಕೆಳಗೆ ಸರಿಯಾಗಿ ಹೋಗಲ್ಲ. ಆಗ ನಾಡಿ ಓಡಲ್ಲ, ನಿಧಾನ ಆಗುತ್ತೆ, ಅಮ್ಮಂಗೆ 36ಕ್ಕೆ ಇಳಿದಿತ್ತು. ಎದೆಯಿಂದ ಹೊರಗೆ ಸಣ್ಣ ವೈರ್ ಬಿಟ್ಟಿರ್ತಾರಲ್ಲ, ಅದಕ್ಕೆ ಹೊರಗಿನ ಪೇಸ್‌ಮೇಕರ್ ಡಬ್ಬಿ ಸಿಕ್ಸಿ ಕೆಲವು ದಿನ ಕಾದ್ರು, ಸರಿಹೋಗ್ಲಿಲ್ಲ, ಆಮೇಲೆ ಪರ್ಮನೆಂಟ್ ಹಾಕಿದ್ರು. ನೂರಕ್ಕೆ ನಾಲ್ಕೈದು ಜನಕ್ಕಷ್ಟೇ ಅದು ಬೇಕಾಗೋದು ಅಂದಿದ್ರು. ಈಗ ಮುದ್ದೆ ತಿರುವ್ಕೊಂಡು ಆರಾಮಾಗವ್ಳೆ. ಚಿಕ್ಕಪ್ಪಂಗೆ ಸುಮ್ನಿರೋಕೆ ಹೇಳು.

ತುಮ್ಕೂರ್_ಎಕ್ಸ್‌ಪ್ರೆಸ್
ಬ್ರೋ ನಮ್ ಮಾವಂಗೂ ಎಎಫ್, ರಕ್ತ ಹೆಪ್ಪುಗಟ್ಟದಂಗೆ ಹೊಸ ಮಾತ್ರೆ ಕೊಟ್ಟವ್ರೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋದು) ಟೆಸ್ಟೂ ಬೇಡ, ಪಥ್ಯಾನೂ ಬೇಡ. ಅಸಿಟ್ರೋಮ್ ಬಿಟ್ಟು ಅದನ್ನೇ ಕೇಳಿ.

ಔಷಧಿ_ಅಂಗ್ಡಿ
ಗುರೂ, ಹಂಗೆಲ್ಲ ಹೇಳ್ಬೇಡಪ್ಪ! ನಿಮ್ ಮಾವಂಗೆ ಮೆಟಲ್ ವಾಲ್ವ್ ಇಲ್ಲ. ಮೆಟಲ್ ವಾಲ್ವ್ ಇರೋರಿಗೆ ಆ ಹೊಸ ಮಾತ್ರೆ ಆಗಲ್ಲ, ಡಾಬಿಗಟ್ರಾನ್ ಅನ್ನೋ ಅಂಥ ಮಾತ್ರೆ ಕೊಟ್ಟು ನೋಡಿದ ಟ್ರಯಲ್ನ 2012ರಲ್ಲಿ ಅರ್ಧಕ್ಕೇ ನಿಲ್ಸಿದ್ರು, ಹೆಪ್ಪುಗಟ್ಟೋದೂ ಜಾಸ್ತಿ, ರಕ್ತಸ್ರಾವಾನೂ ಜಾಸ್ತಿ ಆಗಿ. ಮುಳಬಾಗಿಲು ಅವ್ರೇ, ಅಸಿಟ್ರೋಮ್ ಜೀವಮಾನ ಪೂರ್ತಿ, ಒಂದು ದಿನಾನೂ ನೀವಾಗೇ ನಿಲ್ಸಂಗಿಲ್ಲ. ಇನ್ನೊಂದು, ಅಮಿಯೊಡರೋನ್ ಜೊತೆ ಸೇರಿದ್ರೆ ಅಸಿಟ್ರೋಮ್ ಜೋರಾಗುತ್ತೆ, ಅದೂ ನಿಧಾನಕ್ಕೆ, ವಾರಗಟ್ಲೆ, ಅದಕ್ಕೇ ಮೊದಮೊದಲು ಐಎನ್‌ಆರ್ ಬೇಗ್ಬೇಗ ನೋಡ್ಬೇಕು. ಮೆಟಲ್ ಅಯೋರ್ಟಿಕ್ ವಾಲ್ವ್‌ಗೆ ಸಾಮಾನ್ಯವಾಗಿ 2ರಿಂದ 3ರೊಳಗೆ ಇಡ್ತಾರೆ, ಎಎಫ್ ಇದ್ರೆ ಸ್ವಲ್ಪ ಮೇಲೆ ಇಡೋದುಂಟು, ನಿಮ್ಮಪ್ಪಂಗೆ ಎಷ್ಟು ಅಂತ ಡಾಕ್ಟ್ರತ್ರ ಬರೆಸ್ಕೊಳಿ. ಮೈಕೈ ನೋವಿಗೆ ಅಂಗಡೀಲಿ ಬ್ರೂಫೆನ್ ಇಸ್ಕೊಂಡು ಕೊಡ್ಬೇಡಿ.

ಸೊಪ್ಪಲ್ಲಿರೋ ವಿಟಮಿನ್ ಕೆ ಅಸಿಟ್ರೋಮ್ ಕೆಲಸ ಕಮ್ಮಿ ಮಾಡುತ್ತೆ ನಿಜ, ಆದ್ರೆ ಸೊಪ್ಪು ಪೂರ್ತಿ ನಿಲ್ಸೋದು ಯಾಕೆ? ಬೆರಕೆ ಸೊಪ್ಪು, ದಂಟು ಎಲ್ಲ ತಿನ್ಲಿ, ವಾರವಾರ ಹೆಚ್ಚುಕಮ್ಮಿ ಒಂದೇ ಅಳತೇಲಿ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಅಂದ್ರೆ ಐಎನ್‌ಆರ್ ಕುಣಿಯುತ್ತೆ.

ಮುಳಬಾಗಿಲು_ಮಗ
ಇಸಿಜಿ ತೆಗೆಸ್ದೆ, ಎಎಫ್ಫೇ. ಬೆಂಗಳೂರಿಗೆ ಫೋಟೋ ಕಳ್ಸಿದ್ವಿ, ಮೆಟೊಪ್ರೊಲಾಲ್ ಡೋಸ್ ಜಾಸ್ತಿ ಮಾಡಿದ್ರು. ಐಎನ್‌ಆರ್ 4.1 ಬಂದೈತೆ, ಅಸಿಟ್ರೋಮ್ ಕಮ್ಮಿ ಮಾಡಿ ಮತ್ತೆ ಟೆಸ್ಟ್ ಮಾಡ್ಸಿ ಅಂದ್ರು. ಅಪ್ಪಂಗೆ ಒಂದು ದವಡೆ ಹಲ್ಲು ಕೀಳಿಸೋದಿತ್ತು, ಈಗ ಮಾಡಿಸ್ಬೋದಾ?

ಔಷಧಿ_ಅಂಗ್ಡಿ
ಈಗ್ಲೇ ಬೇಡ. ಐಎನ್‌ಆರ್ ಒಂದು ಹದಕ್ಕೆ ಬರ್ಲಿ, ಹಾರ್ಟ್ ಡಾಕ್ಟ್ರನ್ನ ಕೇಳಿ. ಹಲ್ಲಿನ ಡಾಕ್ಟ್ರಿಗೆ ವಾಲ್ವ್ ಹಾಕಿರೋದು ಮೊದ್ಲೇ ಹೇಳಿ, ಕೀಳೋಕೆ ಮುಂಚೆ ಆಂಟಿಬಯೋಟಿಕ್ ಕೊಡ್ಬೇಕಾಗುತ್ತೆ, ಇಲ್ದಿದ್ರೆ ವಾಲ್ವ್‌ಗೆ ಇನ್‌ಫೆಕ್ಷನ್ ಆಗೋ ಚಾನ್ಸ್ ಐತೆ.