ಅಪ್‌ಡೇಟ್: ತಾವರೆ-ಗುಲಾಬಿ ಪರ್ಫ್ಯೂಮ್ ಆಯಿಲ್ ನನ್ನ ಮೇಲೆ ಮಾತ್ರ ಸೋಪಿನ ವಾಸನೆ

ಒಂದೇ ಬಾಟಲಿ, ಅಕ್ಕನ ಮೇಲೆ ಘಮಘಮ ಗುಲಾಬಿ, ನನ್ನ ಮೇಲೆ ಬರೀ ಸೋಪು, ಯಾಕೆ ಅಂತ ಕೇಳಿದ್ದೆ. ನೀವು ಹೇಳಿದಂತೆ ಒಂದು ಕೈಗೆ ಮಾತ್ರ ವಾಸನೆಯಿಲ್ಲದ ಕ್ರೀಮ್ ಹಚ್ಚಿ, ಎರಡೂ ಮಣಿಕಟ್ಟಿಗೆ ಎಣ್ಣೆ ಹಾಕಿ ನೋಡಿದೆ. ಒಣ ಕೈಯಲ್ಲಿ ತಾವರೆಯ ಆ ತಂಪು, ನೀರಿನಂಥ ವಾಸನೆ ಬೇಗ ಹಾರಿಹೋಯಿತು. ಉಳಿದದ್ದು ಅದೇ ಸೋಪು. ಕ್ರೀಮ್ ಹಚ್ಚಿದ ಕೈಯಲ್ಲಿ ತಾವರೆ ನಿಂತಿತು, ಆಮೇಲೆ ನಿಧಾನಕ್ಕೆ ಗುಲಾಬಿ, ಕೊನೆಗೆ ಸ್ವಲ್ಪ ಜೇನಿನ ಸಿಹಿ! ಚರ್ಮದಲ್ಲಿ ಎಣ್ಣೆಯಂಶ ಇದ್ದರೆ ಪರಿಮಳ ಜಾಸ್ತಿ ಹೊತ್ತು ಉಳಿಯುತ್ತದೆ ಅಲ್ವಾ, ಅಕ್ಕನದು ಎಣ್ಣೆ ಚರ್ಮವೇ. ಗೆಳತಿಯ ಮೇಲೆ ಮಾತ್ರ ಗುಲಾಬಿ ಸುಳಿಯಲೇ ಇಲ್ಲ, ಹಸಿ ಎಲೆಯ ವಾಸನೆ. ಅವಳಿಗೆ ಅದೇ ಇಷ್ಟವಂತೆ. ಬಟ್ಟೆಗೆ ಹಚ್ಚಿ ಅಂದವರಿಗೆ: ಎಣ್ಣೆ ಕಲೆ ಬೀಳುತ್ತದೆ, ಸುಮ್ನೆ ರಿಸ್ಕ್ ಬೇಡ.