ಮೇಲಿಂದ ಎಲ್ಲಾ ಕಾಣುತ್ತಂತೆ

"ಕಾಕಾ, ಇನ್ನು ಚಿಂತೆ ಬಿಡಿ. ಸರ್ಕಾರಿ ಜಮೀನು ಉಳುತ್ತಿರೋರಿಗೆ ಅದನ್ನ ಸಕ್ರಮ ಮಾಡಿಕೊಡೋ ಬಗರ್ ಹುಕುಂಗೂ ಆಪ್ ಬಂದಿದೆ!" ಶಂಕ್ರ ಮೊಬೈಲ್ ಎತ್ತಿ ಹಿಡಿದುಕೊಂಡೇ ಹೋಟೆಲಿಗೆ ನುಗ್ಗಿದ. "ನೀವು ಸಾಗುವಳಿ ಮಾಡಿದ್ದೀರೋ ಇಲ್ಲವೋ ಅಂತ ಉಪಗ್ರಹದ ಫೋಟೊನೇ ಹೇಳುತ್ತೆ."

ಮಲ್ಲಣ್ಣ ಕಾಕಾ ಮಿರ್ಚಿ ಭಜಿಯ ತೊಟ್ಟು ಪಕ್ಕಕ್ಕಿಟ್ಟರು. "ನಾನು ಉಳುತ್ತಿರೋದು ಊರಿಗೆಲ್ಲ ಗೊತ್ತು. ತಲಾಟಿಗೆ ಗೊತ್ತು. ಬೆಳೆಗೆ ನುಗ್ಗೋ ಹಂದಿಗೂ ಗೊತ್ತು. ಆಕಾಶಕ್ಕೊಂದು ಗೊತ್ತಾಗೋದು ಬಾಕಿ ಇತ್ತಾ?"

"ಸಾಕ್ಷಿ ಬೇಕಲ್ವಾ ಕಾಕಾ. ಸಕ್ರಮದ ಅರ್ಜಿ ಫಾರಂ 57ಕ್ಕೆ 2005ಕ್ಕಿಂತ ಮೊದಲಿಂದ ಉಳುತ್ತಿರಬೇಕು. ಹಳೇ ಫೋಟೊ ತೆಗೆದು ನೋಡ್ತಾರೆ."

"ಯಾವ ತಿಂಗಳ ಫೋಟೊ?"

ಶಂಕ್ರ ಮೊಬೈಲ್ ತಿಕ್ಕತೊಡಗಿದ. ಅದರಲ್ಲಿ ತಿಂಗಳು ಸಿಗಲಿಲ್ಲ.

"ನಮ್ಮದು ತೊಗರಿ ನಾಡು ತಮ್ಮಾ. ಜೂನ್‌ನಲ್ಲಿ ಬಿತ್ತಿ ಸಂಕ್ರಾಂತಿ ಹೊತ್ತಿಗೆ ರಾಶಿ ಮಾಡ್ತೀವಿ. ನಿನ್ನ ಉಪಗ್ರಹ ಏಪ್ರಿಲ್‌ನಲ್ಲಿ ಹಾದು ಹೋಗಿದ್ದರೆ ಬರೀ ಕರಿಮಣ್ಣು ಕಾಣುತ್ತೆ. ಮಳೆಗಾಲದಲ್ಲಿ ಹಾದಿದ್ದರೆ ಬರೀ ಮೋಡ."

"ಮೋಡ ಅಡ್ಡ ಬಂದು ಮಳೆನೂ ಬರದಿದ್ದರೆ ಬೆಳೆನೂ ಹೋಯ್ತು, ಸಾಕ್ಷಿನೂ ಹೋಯ್ತು," ಅಂದರು ಮೌಲಾಸಾಬ್.

ಆಪ್ ಬಂತು ಅಂದರೆ ಕೆಲಸವೇ ಆಯ್ತು ಅನ್ನೋ ಹುಚ್ಚು ಶಂಕ್ರನೊಬ್ಬನದೇ ಅಲ್ಲ ಬಿಡಿ. ಆದರೆ ಅವನು ಕಾಕಾನ ಎದುರು ಕೂತು ಹೇಳಿದ್ದು ತಪ್ಪಾಯ್ತು.

"ಅಷ್ಟು ಎತ್ತರದಿಂದ ನನ್ನ ಎರಡು ಎಕರೆ ಕಾಣುತ್ತೆ ಅಂದೆಯಲ್ಲ. ಕಚೇರಿ ಕಪಾಟು ಕಾಣುತ್ತಾ? ಅದರಲ್ಲಿ 1991ರಲ್ಲಿ ನಮ್ಮಪ್ಪ ಕೊಟ್ಟ ಹಳೇ ಅರ್ಜಿ, ಫಾರಂ 50 ಇದೆ."

"ಕಪಾಟಿನ ಮೇಲೆ ಛಾವಣಿ ಇದೆಯಲ್ಲ ಕಾಕಾ!"

"ಹಾಗಾದರೆ ಮೊದಲು ಛಾವಣಿ ತೆಗೆಸು. ಆಪ್ ಆಮೇಲೆ ಬರಲಿ."

"ಉಪಗ್ರಹ ಸುಮಾರು ನೂರು ನಿಮಿಷದಲ್ಲಿ ಭೂಮಿನೇ ಒಂದು ಸುತ್ತು ಹಾಕುತ್ತೆ, ಗೊತ್ತಾ?"

"ಹಾಕಲಿ. ಕೇಸ್ ವರ್ಕರ್ ಮೇಜಿಂದ ಶಿರಸ್ತೇದಾರ್ ಮೇಜಿಗೆ ಒಂದು ಸುತ್ತು ಹಾಕಲಿ ನೋಡೋಣ. ಅಲ್ಲೇ ಬಿದ್ದು ಹೋಗುತ್ತೆ."

ಮಾಸ್ತರರು ಪೇಪರ್ ಮಡಚಿದರು. "ಕಚೇರಿ ಒಂದನ್ನೇ ಬೈದರೆ ಹೇಗೆ? ಜಮೀನು ಮಂಜೂರು ಮಾಡೋ ಸಮಿತಿ ಕೂಡಬೇಕು. ಎಮ್ಮೆಲ್ಲೆ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಎಲೆಕ್ಷನ್ ಆದಮೇಲೆ ಹೊಸ ಸಮಿತಿ ಮಾಡಬೇಕು."

"ಮಾಡ್ತಾರೆ. ಅದು ಕೂತು ಚಹಾ ಕುಡಿಯೋ ಹೊತ್ತಿಗೆ ಇನ್ನೊಂದು ಎಲೆಕ್ಷನ್."

"ನಂದು ಗಾಯರಾಣ, ದನ ಮೇಯೋಕೆ ಬಿಟ್ಟ ಸರ್ಕಾರಿ ಜಾಗ. ನೂರು ದನಕ್ಕೆ 30 ಎಕರೆ ಮೇಯೋಕೆ ಬಿಡಬೇಕಂತೆ," ಅಂತ ಮೌಲಾಸಾಬ್ ತಮ್ಮದೂ ಒಂದು ಸೇರಿಸಿದರು.

"ಊರಲ್ಲಿ ದನ ಎಲ್ಲಿವೆ ಮೌಲಾ? ಟ್ರ್ಯಾಕ್ಟರ್ ಬಿಟ್ಟು ಮೇಯಿಸೋದಾ?"

ಅಲ್ಲಿಂದ ಮಾತು ಡೀಸೆಲ್ ರೇಟಿಗೆ ಹೋಯಿತು, ತೊಗರಿ ರೇಟಿಗೆ ಬಂತು. ಅದನ್ನು ಮತ್ತೆ ಜಮೀನಿಗೆ ಮಾಸ್ತರರೇ ಎಳೆದು ತಂದರು. "ಮಲ್ಲಣ್ಣಾ, ಇನ್ನೊಂದು ತಕರಾರು ಇದೆ. ಕಲಬುರಗಿ ನಗರದ ಗಡಿಯಿಂದ 10 ಕಿಲೋಮೀಟರ್ ಒಳಗಿನ ಜಮೀನು ಸಕ್ರಮ ಆಗಲ್ಲ."

"ಅಪ್ಪ ಅರ್ಜಿ ಕೊಟ್ಟಾಗ ಊರು ಬಲು ದೂರ ಇತ್ತು ಮಾಸ್ತರ. ಈಗ ಸೇಡಂ ರಸ್ತೆ ಕಡೆ ನೋಡಿ, ಲೇಔಟ್ ಮೇಲೆ ಲೇಔಟ್. ನಾಳೆ ಗಡಿನೂ ಈ ಕಡೆ ಸರಿದರೆ ಮುಗೀತು. ಫೈಲು ನಿಂತಲ್ಲೇ ನಿಂತಿತು, ಊರೇ ನಡೆದು ಬಂತು."

"ನೀವೂ ಒಂದು ಅರ್ಜಿ ಕೊಟ್ಟಿದ್ದಿರಿ ಅಲ್ವಾ?"

"ಅಪ್ಪನದು ಫಾರಂ ಐವತ್ತು. 1999ರಲ್ಲಿ ನಂದು ಐವತ್ಮೂರು. 2018ರಲ್ಲಿ ಮಗನದು ಐವತ್ತೇಳು. ಬೇರೆಯವರ ಮನೇಲಿ ಹೊಲ ಪಾಲಾಗುತ್ತೆ, ನಮ್ಮ ಮನೇಲಿ ಅರ್ಜಿ."

ಶಂಕ್ರನಿಗೆ ನಗು ತಡೆಯಲಾಗಲಿಲ್ಲ. "ಹಾಗಾದರೆ ಜಮೀನು ಮಂಜೂರಾದ ಸಾಗುವಳಿ ಚೀಟಿ ಯಾರ ಹೆಸರಿಗೆ ಬರುತ್ತೆ ಕಾಕಾ?"

"ಮೊದಲು ಕೊಟ್ಟವನು ಅಪ್ಪ. ಅವನು ಈಗ ನಿನ್ನ ಉಪಗ್ರಹಕ್ಕಿಂತ ಮೇಲಿದ್ದಾನೆ. ಅವನಿಗಾದರೂ ಆ ಕಪಾಟು ಕಾಣುತ್ತಿರಬೇಕು."

"ಅರ್ಜಿದಾರರೇ ಬಂದು ಸಹಿ ಮಾಡಬೇಕು ಅಂದರೆ?" ಮೌಲಾಸಾಬ್ ಕೇಳಿದರು.

"ಬರ್ತಾನೆ ಮೌಲಾ. ಹೊಲ ಸಿಕ್ಕಿತು ಅಂದರೆ ಎಲ್ಲಿದ್ದರೂ ಧೋತರ ಉಟ್ಟುಕೊಂಡು ಬರ್ತಾನೆ. ಬಂದವನಿಗೆ ಮಾತ್ರ, 'ಇವತ್ತು ಸಾಹೇಬರಿಲ್ಲ, ಮುಂದಿನ ವಾರ ಬಾ' ಅನ್ನಬಾರದು."